ಕುಡಿದವನ ಹೆಸರು ಸಿಗುತ್ತದೆ, ರಸ್ತೆಯ ಲೆಕ್ಕ ಸಿಗುವುದಿಲ್ಲ

ಕುಡಿದು ಗಾಡಿ ಓಡಿಸಿ ಸಿಕ್ಕಿಬಿದ್ದವರ ಹೆಸರು, ಊರು, ಫೋಟೊ ಎಲ್ಲವನ್ನೂ ಫ್ಲೆಕ್ಸ್ ಮಾಡಿಸಿ ಸರ್ಕಲ್ಲಿನಲ್ಲಿ ಕಟ್ಟಬೇಕು ಎನ್ನುವವರ ಜೊತೆ ನನಗೆ ಜಗಳವಿದೆ. ಕೆಲಸ ಕೇಳಿಕೊಂಡು ಬಂದ ಹುಡುಗನ ಹೆಸರನ್ನು ಮೊದಲು ಕೋರ್ಟಿನ ಜಾಲತಾಣದಲ್ಲಿ ಹಾಕಿ ನೋಡಿ, ಆಮೇಲೆ ಗೇಟಿನೊಳಗೆ ಬಿಡಿ ಎನ್ನುವವರ ಜೊತೆಯೂ ಇದೆ. ಇದೆಲ್ಲ ಖಾಸಗಿ ವಿಷಯ, ದಾಖಲೆಯನ್ನೇ ಮುಚ್ಚಿಡಿ ಎನ್ನುವವರ ಜೊತೆಗಂತೂ ಇನ್ನೂ ದೊಡ್ಡ ಜಗಳ. ಕುಡಿದು ಸ್ಟೇರಿಂಗ್ ಹಿಡಿದವನ ಮೇಲಿನ ಕನಿಕರಕ್ಕೆ ನಾನು ಈ ಮಾತು ಹೇಳುತ್ತಿಲ್ಲ. ನನ್ನ ತಕರಾರು ಇಷ್ಟೇ: ಈ ಅಪರಾಧದ ಬಗ್ಗೆ ನಮಗೆ ಬೇಕಾದ ದಾಖಲೆ ಒಂದು, ಸರ್ಕಾರ ತೆರೆದಿಟ್ಟಿರುವ ದಾಖಲೆ ಇನ್ನೊಂದು. ಮನುಷ್ಯನನ್ನು ಹೆಸರು ಹಿಡಿದು ಹುಡುಕಬಹುದು. ರಸ್ತೆಯನ್ನು ಹೆಸರು ಹಿಡಿದು ಹುಡುಕಲು ಬರುವುದಿಲ್ಲ. ಅದು ತಿರುವುಮುರುವಾಗಬೇಕು.

ವಸಂತನರಸಾಪುರದಂಥ ಜಾಗದಲ್ಲಿ ಇದು ಪುಸ್ತಕದ ಚರ್ಚೆಯಲ್ಲ. ಕೋರ ಹೋಬಳಿಯ ಈ ಊರಿನ ಹೆಸರು ದೇಶಕ್ಕೆ ಕೇಳಿಸಿದ್ದು 2014ರ ಸೆಪ್ಟೆಂಬರ್ 24ರಂದು, ಪ್ರಧಾನಿ ಇಲ್ಲಿ ಫುಡ್ ಪಾರ್ಕ್ ಉದ್ಘಾಟಿಸಿದಾಗ. ಆಮೇಲೆ ಚೆನ್ನೈ–ಬೆಂಗಳೂರು ಕೈಗಾರಿಕಾ ಕಾರಿಡಾರ್ ಬಂತು, ಕೆಐಎಡಿಬಿ ಹಂತದ ಮೇಲೆ ಹಂತ ಬೆಳೆಸಿತು. ರಾಗಿ, ಹುರುಳಿ ಬೆಳೆಯುತ್ತಿದ್ದ ನೆಲದಲ್ಲಿ ಈಗ ಪಾಳಿಯ ಸೈರನ್ನು. ಪಾಳಿ ಬಿಟ್ಟಾಗ ಜನ ಕಂಪನಿ ಬಸ್ಸು, ಟೆಂಪೊ, ಆಟೊ, ಬೈಕು ಹತ್ತಿ ತುಮಕೂರು, ಸಿರಾ, ಕೊರಟಗೆರೆ, ಗುಬ್ಬಿಯ ಕಡೆ ಚೆದುರುತ್ತಾರೆ. ಪಕ್ಕದಲ್ಲೇ ರಾಷ್ಟ್ರೀಯ ಹೆದ್ದಾರಿ 48. ಬೆಂಗಳೂರಿಂದ ಪುಣೆ, ಮುಂಬೈ ಕಡೆ ಹೋಗುವ ಲಾರಿಗಳ ಸಾಲು ರಾತ್ರಿಯಿಡೀ ನಿಲ್ಲುವುದಿಲ್ಲ. ರಾತ್ರಿ ಪಾಳಿ ಮುಗಿಸಿ ಕಂಪನಿ ಬಸ್ಸಿನ ಕಿಟಕಿಗೆ ತಲೆ ಆನಿಸಿ ನಿದ್ದೆ ಹೋಗುವ ಹೆಣ್ಣುಮಗಳಿಗೆ, ಈ ಡ್ರೈವರ್ ಕುಡಿದಿಲ್ಲ ತಾನೆ ಎಂದು ಕೇಳುವ ಹಕ್ಕಿದೆ. ಅವಳ ಅಪ್ಪ ಅಮ್ಮನಿಗೂ ಇದೆ. ಅವಳ ಪ್ರಶ್ನೆಗೆ ನಮ್ಮ ದಾಖಲೆಗಳು ಉತ್ತರ ಕೊಡುತ್ತವೆಯೇ?

ಹುಡುಕುವ ದಾರಿಯನ್ನು ನೋಡೋಣ. ಇ–ಕೋರ್ಟ್ಸ್ ಜಾಲತಾಣ ಎಲ್ಲರಿಗೂ ತೆರೆದಿದೆ, ದುಡ್ಡಿಲ್ಲ, ಲಾಗಿನ್ ಇಲ್ಲ. ರಾಜ್ಯ ಕರ್ನಾಟಕ, ಜಿಲ್ಲೆ ತುಮಕೂರು ಎಂದು ಆರಿಸಬೇಕು. ನಂತರ ತುಮಕೂರೋ ಗುಬ್ಬಿಯೋ ಕುಣಿಗಲ್ಲೋ, ಯಾವ ಊರಿನ ನ್ಯಾಯಾಲಯ ಎಂಬುದನ್ನು ಆರಿಸಬೇಕು. ಪಕ್ಷಗಾರರ ಹೆಸರು ಮತ್ತು ವರ್ಷ ಹಾಕಿದರೆ ಪಟ್ಟಿ ಬರುತ್ತದೆ. ಕೇಸ್ ನಂಬರ್, ವಕೀಲರ ಹೆಸರು, ಠಾಣೆಯ ಎಫ್‌ಐಆರ್ ನಂಬರ್, ಕಾಯ್ದೆಯ ಹೆಸರು ಹಾಕಿಯೂ ಹುಡುಕಬಹುದು. ಆದರೆ ಮೋಟಾರು ವಾಹನ ಕಾಯ್ದೆ ಎಂದು ಆರಿಸಿ ಹುಡುಕಿದರೂ ಬರುವುದು ಹೆಸರುಗಳ ಪಟ್ಟಿಯೇ: ಇಂಥ ಠಾಣೆಯ ಮೂಲಕ ಸರ್ಕಾರ ಒಂದು ಕಡೆ, ಇಂಥವನು ಇನ್ನೊಂದು ಕಡೆ. ಯಾವ ರಸ್ತೆ, ರಾತ್ರಿ ಎಷ್ಟು ಗಂಟೆ, ಬೈಕೋ ಬಸ್ಸೋ ಲಾರಿಯೋ ಎಂದು ಕೇಳಿ ಹುಡುಕುವ ಖಾನೆಯೇ ಅಲ್ಲಿಲ್ಲ.

ಸರಿ, ಹೆಸರಾದರೂ ನೆಟ್ಟಗೆ ಸಿಗುತ್ತದೆಯೇ? ತುಮಕೂರು ಸೀಮೆಯಲ್ಲಿ ಹುಟ್ಟಿದವರಿಗೆ ಇದರ ಫಜೀತಿ ಹೇಳಬೇಕಾಗಿಲ್ಲ. ಸಿದ್ಧಗಂಗೆಯ ನೆರಳಲ್ಲಿ ಎಷ್ಟು ಮನೆಗಳಲ್ಲಿ ಸಿದ್ದಲಿಂಗ, ಎಷ್ಟು ಮನೆಗಳಲ್ಲಿ ಶಿವಕುಮಾರ! ಎಡೆಯೂರಿನ ಕಡೆ ಹೋದರೆ ಮತ್ತೆ ಸಿದ್ದಲಿಂಗ, ಗುಬ್ಬಿಯ ಕಡೆ ಚನ್ನಬಸವ, ಇನ್ನೊಂದು ದಿಕ್ಕಿಗೆ ರಂಗಸ್ವಾಮಿ, ಎಲ್ಲ ದಿಕ್ಕಿಗೂ ಮಂಜುನಾಥ. ಇನಿಷಿಯಲ್ಲು ಒಬ್ಬರಿಗೆ ಊರಿನದ್ದು, ಇನ್ನೊಬ್ಬರಿಗೆ ಅಪ್ಪನದ್ದು. ಅದನ್ನು ಇಂಗ್ಲಿಷ್ ಅಕ್ಷರಕ್ಕೆ ಇಳಿಸುವಾಗ ಠಾಣೆಯ ರೈಟರ್ ಒಂದು ರೀತಿ ಬರೆಯುತ್ತಾರೆ, ಕೋರ್ಟಿನ ಗುಮಾಸ್ತರು ಇನ್ನೊಂದು ರೀತಿ. ಸಿದ್ದಲಿಂಗಯ್ಯ ಎಂಬ ಒಂದು ಹೆಸರಿಗೆ ನಾಲ್ಕು ಸ್ಪೆಲ್ಲಿಂಗುಗಳು ಸುಲಭವಾಗಿ ಹುಟ್ಟುತ್ತವೆ. ಹಾಗಾಗಿ ತಪ್ಪು ಮಾಡಿದ ಸಿದ್ದಲಿಂಗಯ್ಯ ಹುಡುಕಾಟದಲ್ಲಿ ಸಿಗದೇ ಹೋಗಬಹುದು, ಏನೂ ಮಾಡದ ಸಿದ್ದಲಿಂಗಯ್ಯ ಸಿಕ್ಕಿಬೀಳಬಹುದು. ಕೆಲಸ ಕೊಡುವ ಕಂಪನಿಯವನು ಎರಡನೆಯವನನ್ನು ಕರೆದು ಇದು ನೀನಾ ಎಂದು ವಿಚಾರಿಸುವುದಿಲ್ಲ. ಅರ್ಜಿಯನ್ನು ಪಕ್ಕಕ್ಕಿಟ್ಟು ಮುಂದಿನದನ್ನು ತೆಗೆದುಕೊಳ್ಳುತ್ತಾನೆ, ಅಷ್ಟೆ.

ಇನ್ನು ದಾಖಲೆ ಹೇಳುವುದಾದರೂ ಏನನ್ನು? ಮೋಟಾರು ವಾಹನ ಕಾಯ್ದೆಯ 185ನೇ ಕಲಮಿನ ಪ್ರಕಾರ 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಹೆಚ್ಚು ಮದ್ಯಸಾರವಿದ್ದು ಗಾಡಿ ಓಡಿಸಿದರೆ ಅಪರಾಧ. 2019ರ ಸೆಪ್ಟೆಂಬರ್ 1ರಿಂದ ಮೊದಲ ಸಲಕ್ಕೆ 10,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸೆರೆ, ಇಲ್ಲವೇ ಎರಡೂ. ಮತ್ತೆ ಸಿಕ್ಕಿದರೆ 15,000 ರೂಪಾಯಿ, ಎರಡು ವರ್ಷದವರೆಗೆ ಸೆರೆ. ಹೆಲ್ಮೆಟ್ ಕೇಸಿನ ಹಾಗೆ ರಸ್ತೆಬದಿಯಲ್ಲಿ ದಂಡ ಕಟ್ಟಿ ರಸೀದಿ ತೆಗೆದುಕೊಂಡು ಹೋಗುವಂತಿಲ್ಲ, ಕೋರ್ಟಿಗೆ ಹೋಗಲೇಬೇಕು. ಅಲ್ಲಿ ಬಹುತೇಕರು ಮಾಡುವುದು ಒಂದೇ: ತಪ್ಪಾಯಿತು ಸ್ವಾಮಿ ಎಂದು ಒಪ್ಪಿಕೊಂಡು ದಂಡ ಕಟ್ಟುವುದು. ಯಂತ್ರ ಸರಿಯಿತ್ತೇ, ಬಂಧಿಸಿದ್ದರೆ 202ನೇ ಕಲಮು ಹೇಳುವಂತೆ ಎರಡು ಗಂಟೆಯೊಳಗೆ ವೈದ್ಯರ ಮುಂದೆ ನಿಲ್ಲಿಸಿದ್ದರೇ ಎಂದು ಪ್ರಶ್ನಿಸಲು ವಕೀಲರು ಬೇಕು, ವಾಯಿದೆಗೊಂದು ರಜೆ ಬೇಕು. ಗುತ್ತಿಗೆ ಕಾರ್ಮಿಕನಿಗೆ ರಜೆ ಎಂದರೆ ಸಂಬಳ ಕಡಿತ. ದಂಡವೇ ಅವನ ಅರ್ಧ ತಿಂಗಳ ದುಡಿಮೆಯನ್ನು ನುಂಗಿರುತ್ತದೆ. ಅವನು ಒಪ್ಪಿಕೊಂಡು ಮುಗಿಸುತ್ತಾನೆ. ಅವನ ಹೆಸರಿನ ಮುಂದೆ ಶಿಕ್ಷೆ ಎಂಬ ಮಾತು ಉಳಿಯುತ್ತದೆ.

ದುಡ್ಡಿದ್ದವರ ದಾಖಲೆ ಬೇರೆ ಥರ. 2002ರ ಸೆಪ್ಟೆಂಬರ್ 28ರಂದು ಮುಂಬೈಯ ಬಾಂದ್ರಾದಲ್ಲಿ ಸಲ್ಮಾನ್ ಖಾನ್ ಅವರ ಕಾರು ಫುಟ್‌ಪಾತಿನಲ್ಲಿ ಮಲಗಿದ್ದವರ ಮೇಲೆ ಹರಿದು ಒಬ್ಬರು ಸತ್ತರು, ನಾಲ್ವರು ಗಾಯಗೊಂಡರು. ಸೆಷನ್ಸ್ ಕೋರ್ಟು ಐದು ವರ್ಷ ಶಿಕ್ಷೆ ಕೊಟ್ಟಿದ್ದು 2015ರ ಮೇ 6ರಂದು. ಅದೇ ವರ್ಷ ಡಿಸೆಂಬರ್ 10ರಂದು ಬಾಂಬೆ ಹೈಕೋರ್ಟು, ಅವರು ಕುಡಿದಿದ್ದರೆಂದಾಗಲಿ ಕಾರು ಓಡಿಸುತ್ತಿದ್ದರೆಂದಾಗಲಿ ಸಾಬೀತಾಗಿಲ್ಲ ಎಂದು ಬಿಡುಗಡೆ ಮಾಡಿತು. ಆ ತೀರ್ಪನ್ನು ಅಳೆಯಲು ನಾನು ಹೊರಟಿಲ್ಲ. ಹದಿಮೂರು ವರ್ಷ ಕಾದು, ರಕ್ತದ ಮಾದರಿ ಯಾರ ಕೈಯಿಂದ ಯಾರ ಕೈಗೆ ಹೋಯಿತು ಎಂಬುದರವರೆಗೆ ಪ್ರಶ್ನಿಸುವ ಶಕ್ತಿ ಯಾರಿಗಿರುತ್ತದೆ ಎಂಬುದನ್ನಷ್ಟೇ ನೋಡಿ. 2024ರ ಮೇ 19ರಂದು ಪುಣೆಯಲ್ಲಿ ಪೋರ್ಷೆ ಕಾರೊಂದು ಇಬ್ಬರು ಯುವ ಎಂಜಿನಿಯರುಗಳನ್ನು ಬಲಿ ತೆಗೆದುಕೊಂಡಿತು. ಆ ಪ್ರಕರಣದಲ್ಲಿ ರಕ್ತದ ಮಾದರಿಯನ್ನೇ ಬದಲಿಸಿದ ಆರೋಪದ ಮೇಲೆ ಸಸೂನ್ ಆಸ್ಪತ್ರೆಯ ವೈದ್ಯರು ಬಂಧನಕ್ಕೊಳಗಾದರು. ಅಪ್ರಾಪ್ತ ಚಾಲಕನಿಗೆ ಮೊದಲ ದಿನ ಜಾಮೀನು ಕೊಡುವಾಗ ವಿಧಿಸಿದ ಷರತ್ತುಗಳಲ್ಲಿ ಮುನ್ನೂರು ಪದದ ಪ್ರಬಂಧವೂ ಒಂದಾಗಿತ್ತು. ಹೀಗಿರುವಾಗ ಕೋರ್ಟಿನ ಪಟ್ಟಿಯನ್ನು ಹಿಡಿದು ಯಾರು ಹೆಚ್ಚು ಕುಡಿದು ಓಡಿಸುತ್ತಾರೆ ಎಂದು ತೀರ್ಮಾನಿಸುವುದು ಹೇಗೆ? ಕೇಸನ್ನು ಎದುರಿಸಿ ನಿಲ್ಲಲಾಗದವರು ಯಾರು ಎಂಬುದು ಆ ಪಟ್ಟಿಯಲ್ಲಿ ಹೆಚ್ಚು ಸ್ಪಷ್ಟವಾಗಿ ಕಾಣುತ್ತದೆ.

ಹೆಸರುಗಳನ್ನು ಬಹಿರಂಗ ಮಾಡಿ ಎನ್ನುವವರು, ಕಾನೂನೇ ಹಾಗೆ ಹೇಳುತ್ತದಲ್ಲ ಎಂದು ವಾದಿಸುತ್ತಾರೆ. ಹೌದು, ಹೇಳುತ್ತದೆ. ಬಂಧಿತರ ಹೆಸರು, ವಿಳಾಸ, ಆರೋಪ ಇವನ್ನು ಠಾಣೆಯಲ್ಲೂ ಜಿಲ್ಲಾ ಕೇಂದ್ರದಲ್ಲೂ ಎದ್ದು ಕಾಣುವಂತೆ ಪ್ರದರ್ಶಿಸಬೇಕು ಎಂದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 37ನೇ ಕಲಮು ಹೇಳುತ್ತದೆ. ಆದರೆ ಆ ಬೋರ್ಡಿನ ಬೇರು ಎಲ್ಲಿದೆ? 1996ರ ಡಿ.ಕೆ. ಬಸು ಪ್ರಕರಣದಲ್ಲಿ. ಲಾಕಪ್ಪಿನಲ್ಲಿ ಜನ ಸಾಯುತ್ತಿದ್ದಾರೆ, ಯಾರನ್ನು ಎಲ್ಲಿಟ್ಟಿದ್ದಾರೆ ಎಂಬುದು ಮನೆಯವರಿಗೇ ಗೊತ್ತಾಗುತ್ತಿಲ್ಲ ಎಂದು ಸುಪ್ರೀಂ ಕೋರ್ಟು ಬಂಧನಕ್ಕೆ ಕಟ್ಟುನಿಟ್ಟಿನ ನಿಯಮಗಳನ್ನು ಹಾಕಿತು. ಬಂಧಿತನನ್ನು ಪೊಲೀಸರು ಬಚ್ಚಿಡದಿರಲಿ ಎಂದು ಬಂದ ಬೋರ್ಡು ಅದು. ಎಫ್‌ಐಆರ್ ದಾಖಲಾದ 24 ಗಂಟೆಯೊಳಗೆ ಜಾಲತಾಣಕ್ಕೆ ಏರಿಸಬೇಕು ಎಂಬ 2016ರ ಸೆಪ್ಟೆಂಬರ್ 7ರ ಆದೇಶವೂ ಅಷ್ಟೆ. ಆರೋಪಿಗೆ ತನ್ನ ಮೇಲೇನು ದೂರಿದೆ ಎಂದು ತಿಳಿಯಲಿ, ಪ್ರತಿಗಾಗಿ ಠಾಣೆಯ ಬಾಗಿಲು ಕಾಯದಿರಲಿ ಎಂಬುದು ಅದರ ಉದ್ದೇಶ. ಇ–ಕೋರ್ಟ್ಸ್ ಕೂಡ ವಾಯಿದೆ ಯಾವತ್ತು ಎಂದು ತಿಳಿಯಲು ಬಸ್ಸು ಹಿಡಿದು ಬರುವ ಕಕ್ಷಿದಾರನ ತಾಪತ್ರಯ ತಪ್ಪಿಸಲು ಬಂದದ್ದು. ಈ ಮೂರೂ ಕಿಟಕಿಗಳನ್ನು ಕೊರೆದದ್ದು ಒಳಗಿದ್ದವನಿಗೆ ಗಾಳಿ ಬೆಳಕು ಸಿಗಲಿ ಎಂದು. ಈಗ ಹೊರಗಿನವರು ಅದೇ ಕಿಟಕಿಯಲ್ಲಿ ಇಣುಕಿ ಅವನ ಬದುಕನ್ನು ಅಳೆಯುತ್ತಿದ್ದಾರೆ. ಉದ್ಯೋಗಿಗಳ ಪೂರ್ವಾಪರ ಪರಿಶೀಲಿಸಿ ಕೊಡುವುದೇ ಒಂದು ವ್ಯಾಪಾರವಾಗಿದೆ. ಬಂಧನ, ಆರೋಪ, ಶಿಕ್ಷೆ ಇವುಗಳ ನಡುವಿನ ಅಂತರವನ್ನು ಆ ವರದಿ ಓದುವವನಿಗೆ ಯಾರೂ ವಿವರಿಸುವುದಿಲ್ಲ.

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂಬ ಗಾದೆಯನ್ನು ಅಡಿಕೆ ಬೆಳೆಯುವ ನಮ್ಮ ಜಿಲ್ಲೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಹಿಂದೆ ಮಾನ ಹೋದರೆ ಊರು ಬಿಟ್ಟು ಬೇರೆ ಊರಿಗೆ ಹೋಗಬಹುದಿತ್ತು. ಹುಡುಕಾಟದ ಯಂತ್ರ ಎಲ್ಲ ಊರಿಗೂ ಜೊತೆಯಲ್ಲೇ ಬರುತ್ತದೆ. ಅಮೆರಿಕದಲ್ಲಿ ಇದು ಎಲ್ಲಿಗೆ ಮುಟ್ಟಿತು ಎಂದರೆ, ಬಂಧಿತರ ಫೋಟೊಗಳನ್ನು ಗುಡ್ಡೆ ಹಾಕಿ ಪ್ರಕಟಿಸುವುದು, ತೆಗೆಯಬೇಕಾದರೆ ದುಡ್ಡು ಕೊಡಿ ಎನ್ನುವುದು ಒಂದು ದಂಧೆಯೇ ಆಯಿತು. ಅದನ್ನು ತಡೆಯಲು ಕ್ಯಾಲಿಫೋರ್ನಿಯಾ ಸೇರಿದಂತೆ ಹಲವು ರಾಜ್ಯಗಳು ಕಾನೂನು ಮಾಡಬೇಕಾಯಿತು. ಇದನ್ನು ಓದುವ ವಿದ್ಯಾರ್ಥಿಗಳು ಇನ್ನೊಂದು ಸಂಗತಿ ತಿಳಿದಿರಲಿ: ನೀವು ಯಾವತ್ತಾದರೂ ಬಂಧಿತರಾಗಿದ್ದೀರಾ ಎಂದು ಅಮೆರಿಕದ ವೀಸಾ ಅರ್ಜಿ ಕೇಳುತ್ತದೆ. ಶಿಕ್ಷೆಯಾಯಿತೇ ಎಂದಷ್ಟೇ ಅಲ್ಲ, ಬಂಧನವಾಯಿತೇ ಎಂದೂ. ಅಲ್ಲಿಗೆ ಹೋದ ಮೇಲೆ ಕುಡಿದು ಓಡಿಸಿ ಸಿಕ್ಕಿದರೆ, ಕೋರ್ಟು ತೀರ್ಪು ಕೊಡುವ ಮೊದಲೇ ವೀಸಾ ರದ್ದಾಗುವುದೂ ಉಂಟು. ತುಮಕೂರಿನ ಎಂಜಿನಿಯರಿಂಗ್ ಕಾಲೇಜಿನಿಂದ ಡಲ್ಲಾಸಿಗೆ ಹೋಗುವ ಹುಡುಗನಿಗೂ ವಸಂತನರಸಾಪುರದ ಪ್ಯಾಕಿಂಗ್ ವಿಭಾಗಕ್ಕೆ ಹೋಗುವ ಹುಡುಗನಿಗೂ ಈ ದಾಖಲೆಯ ಬಿಸಿ ಒಂದೇ ರೀತಿ ತಟ್ಟುತ್ತದೆ. ಮೊದಲನೆಯವನಿಗೆ ವಕೀಲರ ಸಲಹೆ ಸಿಗುತ್ತದೆ, ಎರಡನೆಯವನಿಗೆ ಸಿಗುವುದಿಲ್ಲ.

ಹಾಗಂತ ಖಾಸಗಿತನದ ಹೆಸರಲ್ಲಿ ಬೀಗ ಜಡಿಯಿರಿ ಎನ್ನುವವರ ಪರ ನಾನಿಲ್ಲ. ಖಾಸಗಿತನ ಮೂಲಭೂತ ಹಕ್ಕು ಎಂದು 2017ರಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ ಹೇಳಿದ ಪ್ರಕರಣಕ್ಕೆ ತಮ್ಮ ಹೆಸರು ಕೊಟ್ಟವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಅದರ ಬಗ್ಗೆ ಹೆಮ್ಮೆಯಿದೆ. ಆದರೆ ಆ ಹಕ್ಕು ಸರ್ಕಾರಿ ಕಚೇರಿಗಳ ಕೈಗೆ ಸಿಕ್ಕಿ ಗುರಾಣಿಯಾಗುವುದನ್ನೂ ನೋಡುತ್ತಿದ್ದೇವೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು ಮಾಹಿತಿ ಹಕ್ಕು ಕಾಯ್ದೆಯ 8(1)(ಜೆ) ಕಲಮನ್ನೇ ತಿದ್ದಿ, ವೈಯಕ್ತಿಕ ಮಾಹಿತಿ ಎಂದರೆ ಸಾಕು, ಅರ್ಜಿ ತಳ್ಳಿಹಾಕಲು ದಾರಿ ಅಗಲ ಮಾಡಿತು. ಕುಡಿದ ಡ್ರೈವರನ ಮಾನ ಉಳಿಸುವ ನೆಪದಲ್ಲಿ, ಅಪಘಾತದ ರಾತ್ರಿ ರಕ್ತ ತೆಗೆಯಲು ತಡಮಾಡಿದ ಅಧಿಕಾರಿಯ ಮಾನ ಉಳಿಯುತ್ತದೆ. ಹೆಣ ಬಿದ್ದ ಪ್ರಕರಣಗಳಲ್ಲಿ ಮುಚ್ಚುಮರೆ ಇರಲೇಬಾರದು. ಯಾರು ಓಡಿಸುತ್ತಿದ್ದರು, ಗಾಡಿ ಯಾರದ್ದು, ರಕ್ತ ಯಾವಾಗ ತೆಗೆದರು, ವರದಿ ಎಂದು ಬಂತು, ವಾಯಿದೆ ಎಷ್ಟು ಸಲ ಮುಂದೆ ಹೋಯಿತು, ಕೊನೆಗೆ ಏನಾಯಿತು ಎಂಬುದೆಲ್ಲ ಎಲ್ಲರಿಗೂ ಕಾಣುವಂತಿರಬೇಕು. ಯಾರಿಗೂ ಏಟಾಗದ, ಮೊದಲ ಸಲದ ಕೇಸನ್ನು ಅದೇ ತಕ್ಕಡಿಯಲ್ಲಿ ತೂಗಬಾರದು ಎಂಬುದಷ್ಟೇ ನನ್ನ ವಾದ.

ಹಾಗಾದರೆ ಕಂಪನಿ ಬಸ್ಸಿನಲ್ಲಿ ನಿದ್ದೆ ಹೋದ ಹೆಣ್ಣುಮಗಳ ಪ್ರಶ್ನೆ? ಅದಕ್ಕೆ ಉತ್ತರ ಕೊಡಬೇಕಾದದ್ದು ಲೈಸೆನ್ಸು. ಕುಡಿದು ಓಡಿಸಿದವನ ಲೈಸೆನ್ಸನ್ನು ಪೊಲೀಸರು ವಶಕ್ಕೆ ಪಡೆದು ಸಾರಿಗೆ ಅಧಿಕಾರಿಗೆ ಕಳಿಸಬಹುದು, ಅವರು ಅಮಾನತು ಮಾಡಬಹುದು ಎಂದು ಕಾಯ್ದೆಯಲ್ಲೇ ಇದೆ. ಲೈಸೆನ್ಸ್ ನಂಬರು, ಹುಟ್ಟಿದ ದಿನಾಂಕ ಎರಡಿದ್ದರೆ ಅದರ ಸ್ಥಿತಿ ಏನೆಂದು ಪರಿವಾಹನ್ ಜಾಲತಾಣ ಹೇಳುತ್ತದೆ. ಬಸ್ಸಿನ ಗುತ್ತಿಗೆ ಹಿಡಿದವನು ಡ್ರೈವರನ ಲೈಸೆನ್ಸನ್ನು ಪಡೆದು ತಿಂಗಳಿಗೊಮ್ಮೆ ನೋಡಲಿ, ಪಾಳಿಗೆ ಮುಂಚೆ ಗೇಟಿನಲ್ಲೇ ಊದಿಸಲಿ. ಹತ್ತು ವರ್ಷದ ಹಿಂದೆ ಮದುವೆ ಮನೆಯಿಂದ ಬೈಕಿನಲ್ಲಿ ಬರುವಾಗ ಸಿಕ್ಕಿಬಿದ್ದಿದ್ದನೇ ಎಂಬುದಕ್ಕಿಂತ ಇವತ್ತು ರಾತ್ರಿ ಕುಡಿದಿದ್ದಾನೆಯೇ ಎಂಬುದು ಅವಳಿಗೆ ಮುಖ್ಯ. ಕೋರ್ಟಿನ ಹಳೆಯ ಪಟ್ಟಿ ಇದನ್ನು ಹೇಳಲಾರದು. ಆದರೆ ಗುತ್ತಿಗೆದಾರನಿಗೆ ಊದಿಸುವುದು ಖರ್ಚು, ಹೆಸರು ಹುಡುಕುವುದು ಬಿಟ್ಟಿ. ಬಿಟ್ಟಿ ಕೆಲಸ ಮಾಡಿ ಜವಾಬ್ದಾರಿ ಮುಗಿಯಿತು ಎಂದುಕೊಳ್ಳಲು ನಮ್ಮ ಹೆಸರಿನ ಪಟ್ಟಿ ಅವನಿಗೆ ಅನುಕೂಲ ಮಾಡಿಕೊಟ್ಟಿದೆ.

ರಸ್ತೆಯ ಲೆಕ್ಕದ ಮಾತಿಗೆ ಬರುತ್ತೇನೆ. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ ಎಂದು ಕೇಂದ್ರ ಸಾರಿಗೆ ಸಚಿವಾಲಯದ ವರದಿ ಹೇಳುತ್ತದೆ. ಅದರಲ್ಲಿ ಕುಡಿತದ ಪಾಲು ಶೇಕಡಾ 3ಕ್ಕೂ ಕಡಿಮೆ. ಶನಿವಾರ ರಾತ್ರಿ ಹೆದ್ದಾರಿಯ ಡಾಬಾಗಳ ಮುಂದೆ ನಿಂತ ಗಾಡಿಗಳನ್ನು ನೋಡಿದ ಯಾರಾದರೂ ಈ ಅಂಕಿಯನ್ನು ನಂಬುತ್ತಾರೆಯೇ? ಅಪಘಾತವಾದಾಗ ರಕ್ತ ತೆಗೆದರೆ ಮಾತ್ರ ಕುಡಿತ ಲೆಕ್ಕಕ್ಕೆ ಬರುತ್ತದೆ. ತೆಗೆಯದಿದ್ದರೆ ಎಲ್ಲವೂ ಅತಿವೇಗ, ಅಜಾಗರೂಕತೆಯ ಖಾನೆಗೆ ಹೋಗಿ ಬೀಳುತ್ತದೆ. ಹೀಗಾಗಿ ಎಷ್ಟು ಸಲ ರಕ್ತ ತೆಗೆದರು, ಎಷ್ಟು ಸಲ ಬಿಟ್ಟರು ಎಂಬ ಲೆಕ್ಕವೇ ಮೊದಲು ಬೇಕಾದದ್ದು.

ಮಾಹಿತಿ ಇಲ್ಲ ಎಂದು ಯಾರೂ ಹೇಳುವಂತಿಲ್ಲ. ಅಪಘಾತ ನಡೆದ ಜಾಗದಿಂದಲೇ ಮೊಬೈಲಿನಲ್ಲಿ ವಿವರ ತುಂಬುವ ಐರಾಡ್ ಎಂಬ ವ್ಯವಸ್ಥೆಯನ್ನು ಐಐಟಿ ಮದ್ರಾಸಿನ ನೆರವಿನಿಂದ ರೂಪಿಸಿ ಮೊದಲು ಜಾರಿಗೆ ತಂದ ಆರು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಪೊಲೀಸರಿಗೆ, ಸಾರಿಗೆ ಇಲಾಖೆಗೆ, ಹೆದ್ದಾರಿ ಎಂಜಿನಿಯರುಗಳಿಗೆ ಅದು ಕಾಣುತ್ತದೆ. ರಸ್ತೆಯಲ್ಲಿ ಓಡಾಡುವ ನನಗೆ ನಿಮಗೆ ಕಾಣುವುದಿಲ್ಲ. ಕುಡಿದವನ ಹೆಸರು ಜಗಜ್ಜಾಹೀರು, ಕುಡಿದವರು ಹೆಚ್ಚು ಸಿಗುವ ರಸ್ತೆಯ ಹೆಸರು ಇಲಾಖೆಯ ಗುಟ್ಟು!

ಆ ಗುಟ್ಟು ಬಯಲಾದರೆ ಕೇಳಬೇಕಾದ ಪ್ರಶ್ನೆಗಳು ಚಾಲಕನನ್ನು ದಾಟಿ ಮೇಲೆ ಹೋಗುತ್ತವೆ. ಹೆದ್ದಾರಿಯಿಂದ 500 ಮೀಟರಿನೊಳಗೆ ಮದ್ಯದಂಗಡಿ ಇರಬಾರದು ಎಂದು ಸುಪ್ರೀಂ ಕೋರ್ಟು 2016ರ ಡಿಸೆಂಬರ್ 15ರಂದು ಆದೇಶಿಸಿತು. ಮುಂದಿನ ವರ್ಷವೇ ಸಣ್ಣ ಊರುಗಳಿಗೆ ಅದು 220 ಮೀಟರಿಗೆ ಇಳಿಯಿತು, ನಗರ ವ್ಯಾಪ್ತಿಗೆ ವಿನಾಯಿತಿಯೂ ಸಿಕ್ಕಿತು. 2025–26ರ ಬಜೆಟ್ಟಿನಲ್ಲಿ ಅಬಕಾರಿಯಿಂದ 40,000 ಕೋಟಿ ರೂಪಾಯಿ ಬರಬೇಕೆಂದು ನಮ್ಮ ಸರ್ಕಾರ ಗುರಿ ಹಾಕಿಕೊಂಡಿತು. ಎಂಎಸ್‌ಐಎಲ್ ಮಳಿಗೆಯಲ್ಲಿ ಬಾಟಲಿ ಮಾರುವುದು ಸರ್ಕಾರ, ಮುಂದಿನ ತಿರುವಿನಲ್ಲಿ ಊದಪ್ಪಾ ಎನ್ನುವುದೂ ಸರ್ಕಾರ. ಎರಡರ ನಡುವಿನ ರಸ್ತೆಯಲ್ಲಿ ರಾತ್ರಿ ಹತ್ತರ ಮೇಲೆ ಬಸ್ಸು ಬಿಡಬೇಕಾದ ಸರ್ಕಾರ ಮಾತ್ರ ಕಾಣುವುದಿಲ್ಲ. ಕುಡಿದವನು ಓಡಿಸಿದ್ದು ಅವನ ತಪ್ಪೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಯಾವ ಬಾರಿನ ಆಸುಪಾಸಿನಲ್ಲಿ, ಯಾವ ಪಾಳಿ ಬಿಟ್ಟ ಹೊತ್ತಿನಲ್ಲಿ, ಬಸ್ಸಿಲ್ಲದ ಯಾವ ರಸ್ತೆಯಲ್ಲಿ ಕೇಸುಗಳು ಹೆಚ್ಚುತ್ತಿವೆ ಎಂಬುದು ಗೊತ್ತಾದರೆ ಇನ್ನೂ ಕೆಲವರು ಉತ್ತರ ಕೊಡಬೇಕಾಗುತ್ತದೆ. ಹೆಸರಿನ ಪಟ್ಟಿ ಅವರನ್ನೆಲ್ಲ ಕಾಪಾಡುತ್ತಿದೆ.

ಹೆಸರು ಬಯಲಾಗುವ ಭಯವಿಲ್ಲದಿದ್ದರೆ ಯಾರೂ ಹೆದರುವುದಿಲ್ಲ ಎನ್ನುತ್ತೀರಾ? ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ 1982ರ ಡಿಸೆಂಬರಿನಲ್ಲಿ, ಅನುಮಾನ ಇರಲಿ ಬಿಡಲಿ, ಸಿಕ್ಕ ಸಿಕ್ಕ ಚಾಲಕರನ್ನು ನಿಲ್ಲಿಸಿ ಊದಿಸಲು ಶುರು ಮಾಡಿತು. ಸಾವುಗಳು ಕಡಿಮೆಯಾದವು. ಯಾವ ರಸ್ತೆಯಲ್ಲಿ, ಯಾವ ಹೊತ್ತಿನಲ್ಲಾದರೂ ತಡೆಯುತ್ತಾರೆ ಎಂಬ ಖಾತ್ರಿಯೇ ಅಲ್ಲಿ ಭಯ ಹುಟ್ಟಿಸಿತು. ನಮ್ಮಲ್ಲಿ ಹೊಸ ವರ್ಷದ ಹಿಂದಿನ ರಾತ್ರಿ ಬ್ಯಾರಿಕೇಡು ಬಿಗಿಯಾಗಿರುತ್ತದೆ; ಜನವರಿ ಎರಡಕ್ಕೆ ಎಲ್ಲರಿಗೂ ಧೈರ್ಯ ಬರುತ್ತದೆ. ಎಂದೋ ಒಮ್ಮೆ ಸಿಕ್ಕವನನ್ನು ಜನ್ಮಪೂರ್ತಿ ಹೀಯಾಳಿಸಿದರೆ, ಸಿಗದೇ ಹೋದ ನೂರು ಜನ ಅದನ್ನು ಅವನ ದುರದೃಷ್ಟ ಎಂದುಕೊಳ್ಳುತ್ತಾರೆಯೇ ಹೊರತು ಪಾಠ ಎಂದುಕೊಳ್ಳುವುದಿಲ್ಲ.

ಹೆಸರನ್ನು ಮರೆಸುವುದು ನಮ್ಮ ಕಾನೂನಿಗೆ ಹೊಸದಲ್ಲ. ಪ್ರೊಬೇಷನ್ ಮೇಲೆ ಬಿಟ್ಟವನಿಗೆ ಆ ಅಪರಾಧದಿಂದ ಅನರ್ಹತೆ ಅಂಟಬಾರದು ಎಂದು 1958ರ ಕಾಯ್ದೆಯೇ ಹೇಳಿದೆ. ಮಹಿಳೆಯೊಬ್ಬರ ಹೆಸರು ಅಂತರಜಾಲದ ಹುಡುಕಾಟದಲ್ಲಿ ಸಿಗದಂತೆ ನೋಡಿಕೊಳ್ಳಿ ಎಂದು 2017ರ ಜನವರಿಯಲ್ಲಿ ರಿಜಿಸ್ಟ್ರಿಗೆ ಸೂಚಿಸಿದ್ದು ನಮ್ಮ ಕರ್ನಾಟಕ ಹೈಕೋರ್ಟು. ಮನಸ್ಸಿದ್ದರೆ ದಾರಿಯಿದೆ.

ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿ ಎಂಬುದೊಂದಿದೆ. ತುಮಕೂರಿನ ಆ ಸಮಿತಿಯ ಮುಂದೆ ನನ್ನ ಬೇಡಿಕೆ ಇದು. ಕೋರ, ಕ್ಯಾತ್ಸಂದ್ರ, ಗುಬ್ಬಿ, ಕುಣಿಗಲ್ ಎಂದು ಠಾಣೆವಾರು, ಪ್ರತಿ ತಿಂಗಳು, ಕನ್ನಡದಲ್ಲಿ ಒಂದು ಪುಟ ಪ್ರಕಟಿಸಿ: ಎಷ್ಟು ಜನರನ್ನು ಊದಿಸಿದಿರಿ, ಯಾವ ರಸ್ತೆಯಲ್ಲಿ, ಎಷ್ಟು ಹೊತ್ತಿಗೆ, ಸಿಕ್ಕ ಗಾಡಿಗಳಲ್ಲಿ ಬೈಕೆಷ್ಟು, ಲಾರಿ ಎಷ್ಟು, ಕಂಪನಿ ಬಸ್ಸೆಷ್ಟು, ಸಾವಾದ ಅಪಘಾತಗಳಲ್ಲಿ ಎಷ್ಟರಲ್ಲಿ ರಕ್ತ ತೆಗೆದಿರಿ, ಎಷ್ಟು ಗಂಟೆ ತಡವಾಗಿ, ಎಷ್ಟು ಲೈಸೆನ್ಸ್ ಅಮಾನತಾದವು, ಕೋರ್ಟಿನಲ್ಲಿ ಎಷ್ಟು ಮುಗಿದವು, ಎಷ್ಟು ಬಾಕಿ. ಒಂದೇ ಒಂದು ಹೆಸರೂ ಬೇಡ. ಹೈಕೋರ್ಟಿನ ಮುಂದೆ ಇನ್ನೊಂದು: ಯಾರಿಗೂ ಗಾಯವಾಗದ ಮೊದಲ ಸಲದ ಕೇಸುಗಳಲ್ಲಿ ದಂಡ ಕಟ್ಟಿ ಕೆಲವು ವರ್ಷ ಕಳೆದ ಮೇಲೆ ಹೆಸರಿನ ಹುಡುಕಾಟದಿಂದ ಅವನ್ನು ತೆಗೆಯಿರಿ. ಎರಡನೇ ಸಲ ಸಿಕ್ಕವನನ್ನು ಹಿಡಿಯಲು ಪೊಲೀಸರಿಗೆ, ನ್ಯಾಯಾಧೀಶರಿಗೆ ಅದು ಕಾಣುತ್ತಿರಲಿ. ಊರಿನವರ ಮೊಬೈಲಿಗೆ ಬೇಡ. ಜೀವ ಹೋದ ಪ್ರಕರಣಗಳ ಕಡತ ಮಾತ್ರ, ಆರೋಪಿ ಯಾರ ಮಗನೇ ಆಗಿರಲಿ, ಕೊನೆಯ ತೀರ್ಪಿನವರೆಗೂ ತೆರೆದಿರಲಿ.

ಓದುಗರೂ ಒಂದು ಕೆಲಸ ಮಾಡಬಹುದು. ಮುಂದಿನ ಸಲ ಯಾರದೋ ಹೆಸರನ್ನು ಆ ಜಾಲತಾಣದ ಖಾನೆಯಲ್ಲಿ ತುಂಬುವ ಮುಂಚೆ ಹತ್ತು ರೂಪಾಯಿಯ ಮಾಹಿತಿ ಹಕ್ಕು ಅರ್ಜಿಯೊಂದನ್ನು ಬರೆಯಿರಿ. ನಿಮ್ಮ ಊರಿನ ರಸ್ತೆಯ ಹೆಸರು ಹಾಕಿ, ಮೇಲಿನ ಪ್ರಶ್ನೆಗಳನ್ನು ಒಂದೊಂದಾಗಿ ಕೇಳಿ, ಮೂವತ್ತು ದಿನ ಕಾಯಿರಿ. ಉತ್ತರ ಬರದಿದ್ದರೆ ಮೇಲ್ಮನವಿ ಹಾಕಿ. ಯಾರ ಖಾಸಗಿತನವನ್ನೂ ಮುಟ್ಟದ ಲೆಕ್ಕ ಅದು. ಕೊಡುವುದಿಲ್ಲ ಎನ್ನಲು ಅವರಿಗೆ ಕಾರಣವೇ ಇರುವುದಿಲ್ಲ.